ಅಂಗೈಯಷ್ಟು ಪವರ್ ಬ್ಯಾಂಕ್ ರಾತ್ರಿ ಕಾವಲಿಗೆ ಸಾಲಲ್ಲ: ನಂಬರ್ ಬಿಡಿ, ತೂಕ ನೋಡಿ

ಬಂಗಾರಪೇಟೆ ಸ್ಟೇಷನ್ ಸುತ್ತಮುತ್ತ ಆಗಲಿ, ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಕಡೆ ಆಗಲಿ, ಮೊಬೈಲ್ ಕವರ್ ಮತ್ತು ಇಯರ್‌ಫೋನ್ ಮಾರೋ ಕಡೆ ಈಗ ಪುಟ್ಟ ಪವರ್ ಬ್ಯಾಂಕ್‌ಗಳೂ ಇರ್ತವೆ. ಕೆಲವು ಕೀ ಬಂಚ್‌ಗೆ ಸಿಕ್ಕಿಸೋ ಅಷ್ಟು ಸಣ್ಣವು. ಕೆಲವು ಲಿಪ್‌ಸ್ಟಿಕ್ ಗಾತ್ರದವು. ಇನ್ನು ಕೆಲವು ಫೋನಿನ ಬುಡಕ್ಕೇ ನೇರ ಚುಚ್ಚಿಕೊಳ್ಳುವಂಥವು, ವೈರೇ ಬೇಡ. ಆನ್‌ಲೈನ್‌ನಲ್ಲಿ ಹುಡುಕಿದರೆ ಇನ್ನೂ ನೂರು ತರ ಸಿಗ್ತವೆ. ಅದರಲ್ಲಿ ಕೆಲವುದರ ಮೇಲೆ 10000 ಅಂತಲೋ 20000 ಅಂತಲೋ ದಪ್ಪಕ್ಷರದಲ್ಲಿ ಬರೆದಿರ್ತದೆ. ಬೆಂಕಿಪೊಟ್ಟಣದಷ್ಟಿರೋ ಡಬ್ಬಿಯ ಮೇಲೆ 20000!

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ತೋಟದಲ್ಲಿ ರಾತ್ರಿ ಕಳೆಯೋ ರೈತನಿಗೆ ಈ ಪುಟಾಣಿಗಳು ಆಗಿಬರೋದಿಲ್ಲ. ಒಂದೆರಡು ಕೆಲಸಕ್ಕೆ ಉಪಯೋಗ ಉಂಟು, ಅದನ್ನು ಮುಂದೆ ಹೇಳ್ತೀನಿ. ಆದರೆ ಅದನ್ನು ನಂಬಿಕೊಂಡು ಫೋನ್ 30 ಪರ್ಸೆಂಟ್ ಇದ್ದಾಗ ಮನೆ ಬಿಟ್ಟು ಹೊಲಕ್ಕೆ ಹೊರಡೋದು ತಪ್ಪು ಲೆಕ್ಕ. ಪ್ರಾಮಾಣಿಕವಾಗಿ ಮಾಡಿದ ಪವರ್ ಬ್ಯಾಂಕಿನಲ್ಲೂ ಮೇಲಿನ ನಂಬರ್ ಅರ್ಧ ಸತ್ಯವೇ. ಕೆಟ್ಟ ಮಾಲಿನಲ್ಲಿ ಅದು ಪೂರ್ತಿ ಸುಳ್ಳು.

“ನಾನೂರು ರೂಪಾಯಿ ಸಾಮಾನಿಗೆ ಇಷ್ಟೊಂದು ಮಾತು ಬೇಕಾ?” ಅಂತ ಕೇಳೋರು ಇದ್ದಾರೆ. ಬೇಕು. ನಮ್ಮ ಕಡೆ ಫೋನ್ ಈಗ ಶೋಕಿಗೆ ಇರೋದಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ, ಅದೂ ಪಾಳಿ ಪ್ರಕಾರ, ಎಷ್ಟೋ ಸಲ ರಾತ್ರಿ ಪಾಳಿ. ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡೋರು ಫೋನಿನಿಂದಲೇ ಮೋಟರ್ ಆನ್ ಮಾಡ್ತಾರೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲಿ ನೀರು ನಿಂತ ಮೇಲೂ ಮೋಟರ್ ಓಡಿದರೆ ಏನಾಗ್ತದೆ ಅಂತ ನಿಮಗೆ ಗೊತ್ತು, ರಿವೈಂಡಿಂಗ್ ಬಿಲ್ಲೂ ಗೊತ್ತು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿದಾಗ ಎಷ್ಟೋ ಜನ ತೋಟದಲ್ಲೇ ಮಲಗಿ ಕಾವಲು ಕಾದರು. ಇನ್ನು ಕಾಮಸಮುದ್ರ ಕಡೆಯ ಗಡಿ ಊರುಗಳಲ್ಲಿ ಕಳ್ಳರಿಗಿಂತ ಆನೆ ಭಯ ದೊಡ್ಡದು. ಆನೆ ಯಾವ ಕಡೆ ಇಳೀತು, ಯಾರ ರಾಗಿ ಹೊಲ ಹೊಕ್ಕಿತು ಅನ್ನೋ ಸುದ್ದಿ ಒಬ್ಬರಿಂದ ಒಬ್ಬರಿಗೆ ಹೋಗೋದು ಫೋನಿನಲ್ಲೇ. ರಾತ್ರಿ ಎರಡು ಗಂಟೆಗೆ ಆ ಫೋನ್ ಸತ್ತು ಹೋದರೆ ಕಾವಲಿಗೆ ಹೋದವನು ಕತ್ತಲಲ್ಲಿ ಒಬ್ಬಂಟಿ. ಹಾಗಾಗಿ ಇದು ನಾನೂರು ರೂಪಾಯಿ ವಿಷಯ ಅಲ್ಲ.

ಎಂಎಎಚ್ ಅನ್ನೋದು ಅರ್ಧ ಲೆಕ್ಕ

ಪವರ್ ಬ್ಯಾಂಕ್ ಮೇಲೆ ಬರೆಯೋ ಎಂಎಎಚ್, ಅಂದರೆ ಮಿಲಿ ಆಂಪಿಯರ್ ಅವರ್, ಒಳಗಿನ ಬ್ಯಾಟರಿಯ ಲೆಕ್ಕ. ಹೊರಗೆ ಬರೋ ಕರೆಂಟಿನ ಲೆಕ್ಕ ಅಲ್ಲ. ಈ ವ್ಯತ್ಯಾಸ ತಿಳಿಯೋಕೆ ನಮ್ಮ ನೀರಿನ ಟ್ಯಾಂಕೇ ಸಾಕು. ಸಾವಿರ ಲೀಟರ್ ನೀರು ನೆಲದ ತೊಟ್ಟಿಯಲ್ಲಿದ್ದರೂ ಸಾವಿರ ಲೀಟರೇ, 30 ಅಡಿ ಮೇಲಿನ ಟ್ಯಾಂಕಿನಲ್ಲಿದ್ದರೂ ಸಾವಿರ ಲೀಟರೇ. ಆದರೆ ಡ್ರಿಪ್ ಲೈನಿಗೆ ಪ್ರೆಷರ್ ಕೊಡೋದು ಮೇಲಿನ ಟ್ಯಾಂಕು ಮಾತ್ರ. ಎಂಎಎಚ್ ಅಂದರೆ ಲೀಟರ್ ಇದ್ದ ಹಾಗೆ, ವೋಲ್ಟ್ ಅಂದರೆ ಎತ್ತರ ಇದ್ದ ಹಾಗೆ. ಎರಡನ್ನೂ ಗುಣಿಸಿದಾಗ ಮಾತ್ರ ಎಷ್ಟು ಕೆಲಸ ಆಗ್ತದೆ ಅನ್ನೋದು ಗೊತ್ತಾಗೋದು. ಆ ಗುಣಲಬ್ಧಕ್ಕೆ ವ್ಯಾಟ್ ಅವರ್ ಅಂತಾರೆ.

ಪವರ್ ಬ್ಯಾಂಕಿನ ಒಳಗೆ ಇರೋದು ಲಿಥಿಯಂ ಸೆಲ್, ಅದರ ವೋಲ್ಟೇಜು ಸರಾಸರಿ 3.7. ನಿಜವಾಗಿಯೂ 10000 ಎಂಎಎಚ್ ಇದ್ದರೆ 10 ಆಂಪಿಯರ್ ಅವರ್ ಗುಣಿಸು 3.7, ಅಂದರೆ 37 ವ್ಯಾಟ್ ಅವರ್. ಆದರೆ ಯುಎಸ್‌ಬಿ ತೂತಿನಿಂದ ಹೊರಗೆ ಬರಬೇಕಾದ್ದು 5 ವೋಲ್ಟ್. ಹಾಗಾಗಿ ಒಳಗಿರೋ ಸರ್ಕ್ಯೂಟು 3.7 ವೋಲ್ಟನ್ನು 5ಕ್ಕೆ ಏರಿಸಬೇಕು. ಅಲ್ಲಿಂದ ಫೋನಿಗೆ ಹೋದ ಮೇಲೆ ಫೋನು ಮತ್ತೆ ಅದನ್ನು ತನ್ನ ಬ್ಯಾಟರಿ ಮಟ್ಟಕ್ಕೆ ಇಳಿಸಿಕೊಳ್ತದೆ. ಕೆಳಗಿನ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ಎತ್ತಿ, ಮತ್ತೆ ಪಕ್ಕದವರ ತೊಟ್ಟಿಗೆ ಇಳಿಸಿದ ಹಾಗೆ. ಎರಡು ಕಡೆಯೂ ಸೋರಿಕೆ ಇದೆ. ಸೋರಿಕೆ ಅಂದರೆ ಇಲ್ಲಿ ಬಿಸಿ. ಚಾರ್ಜ್ ಆಗುವಾಗ ಪವರ್ ಬ್ಯಾಂಕ್ ಮತ್ತು ಫೋನ್ ಎರಡೂ ಕೈಗೆ ಬೆಚ್ಚಗಾಗ್ತವಲ್ಲ, ಅದು ನೀವು ದುಡ್ಡು ಕೊಟ್ಟ ಕರೆಂಟೇ ಹೀಗೆ ಹೋಗ್ತಿರೋದು. ಎಲ್ಲ ಸೇರಿ ನೂರರಲ್ಲಿ ಸುಮಾರು 75 ಪಾಲು ಫೋನಿನ ಬ್ಯಾಟರಿಗೆ ಸೇರಿದರೆ ಒಳ್ಳೆ ಮಾಲು ಅಂತ ಇಟ್ಕೊಳ್ಳಿ. ವೈರ್ ಇಲ್ಲದೆ ಬೆನ್ನಿಗೆ ಅಂಟಿಕೊಂಡು ಚಾರ್ಜ್ ಮಾಡೋ ಅಯಸ್ಕಾಂತದ ಮಾದರಿಯಲ್ಲಿ ಇನ್ನೂ ಕಡಿಮೆ.

ಈಗ ಲೆಕ್ಕ ಹಾಕೋಣ. ನಿಮ್ಮ ಫೋನಿನ ಬ್ಯಾಟರಿ 5000 ಎಂಎಎಚ್ ಆದರೆ ಅದು ಸುಮಾರು 19 ವ್ಯಾಟ್ ಅವರ್. ಕೀ ಬಂಚಿನ 1500 ಎಂಎಎಚ್ ಪುಟಾಣಿಯಲ್ಲಿ ಇರೋದೇ ಐದೂವರೆ ವ್ಯಾಟ್ ಅವರ್, ಫೋನಿಗೆ ಸೇರೋದು ನಾಲ್ಕು ಚಿಲ್ಲರೆ. ಅಂದರೆ 20 ಪರ್ಸೆಂಟ್ ಆಸುಪಾಸು. ಲಿಪ್‌ಸ್ಟಿಕ್ ಗಾತ್ರದ 2600ರಿಂದ ಹೆಚ್ಚೆಂದರೆ 37 ಪರ್ಸೆಂಟ್. ಫೋನಿಗೆ ನೇರ ಚುಚ್ಚೋ 5000ದ ಕ್ಯಾಪ್ಸೂಲ್ ಇದೆಯಲ್ಲ, “ನನ್ನ ಫೋನೂ 5000, ಇದೂ 5000, ಪೂರ್ತಿ ಒಂದು ಸಲ ಫುಲ್ ಆಗ್ತದೆ” ಅಂತ ಎಲ್ಲರೂ ಅಂದುಕೊಳ್ಳೋದು ಇಲ್ಲೇ. ಆಗೋದು 70 ಪರ್ಸೆಂಟ್. ಈಗ ಬರ್ತಿರೋ 7000 ಎಂಎಎಚ್ ಫೋನ್ ಆದರೆ ಅರ್ಧ ಅಷ್ಟೇ. ನಿಜವಾದ 10000ದ ಪವರ್ ಬ್ಯಾಂಕ್ ಕೂಡ 5000ದ ಫೋನನ್ನು ಎರಡು ಸಲ ತುಂಬಿಸಲ್ಲ. ಒಂದು ಸಲ ಪೂರ್ತಿ, ಎರಡನೇ ಸಲ 40 ಚಿಲ್ಲರೆ ಪರ್ಸೆಂಟಿಗೆ ನಿಲ್ತದೆ. ಇದು ಮೋಸ ಅಲ್ಲ, ವಿದ್ಯುತ್ತಿನ ನಿಯಮ. ಮೋಸ ಅಂದರೆ ಇದನ್ನು ದಪ್ಪಕ್ಷರದಲ್ಲಿ ಹೇಳದೆ ಇರೋದು.

ಕೆಜಿಎಫ್ ಜನಕ್ಕೆ ಇದನ್ನು ಬೇರೆ ತರ ಹೇಳಬಹುದು. ಒಂದು ಟನ್ ಅದಿರು ಮೇಲೆ ತಂದರೆ ಅದರಲ್ಲಿ ಸಿಗ್ತಿದ್ದ ಚಿನ್ನ ಗ್ರಾಂ ಲೆಕ್ಕದಲ್ಲಿ. ಅದಿರಿನ ತೂಕ ಹೇಳಿ ಚಿನ್ನದ ರೇಟು ಕೇಳಿದರೆ ಯಾವ ಗಣಿ ಕಾರ್ಮಿಕನೂ ನಗ್ತಿದ್ದ. ಪವರ್ ಬ್ಯಾಂಕ್ ಡಬ್ಬಿಯ ಮೇಲೆ ನಡೀತಿರೋದು ಅದೇ ವ್ಯಾಪಾರ, ನಾವು ಮಾತ್ರ ನಗ್ತಿಲ್ಲ, ಕೊಳ್ತಿದೀವಿ.

ಸಣ್ಣದು ಯಾಕೆ ಸಣ್ಣದೇ

ಪವರ್ ಬ್ಯಾಂಕಿನ ಒಳಗೆ ಸಾಮಾನ್ಯವಾಗಿ ಎರಡು ತರದ ಸೆಲ್ ಇರ್ತವೆ. ಒಂದು ಉರುಳೆ ಸೆಲ್, ಇನ್ನೊಂದು ಬಿಸ್ಕತ್ತಿನ ತರ ಚಪ್ಪಟೆ. ಉರುಳೆಯಲ್ಲಿ ಹೆಚ್ಚು ಬಳಕೆಯದ್ದು 18650 ಅನ್ನೋದು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದೇ ಅದರ ಹೆಸರು. ಟಾರ್ಚಿನಲ್ಲಿ, ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಇರೋದೂ ಇದೇ. ಇಂಥ ಒಂದು ಸೆಲ್ಲಿನ ತೂಕ 45 ಗ್ರಾಂ ಚಿಲ್ಲರೆ. ಒಳ್ಳೆ ಕಂಪನಿಯದ್ದೇ ಆದರೂ ಹಿಡಿಯೋದು ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ಅಗ್ಗದ್ದರಲ್ಲಿ ಅದಕ್ಕಿಂತ ತುಂಬಾ ಕಡಿಮೆ. ಹೀಗಿರುವಾಗ ಒಂದೇ ಸೆಲ್ ಹಿಡಿಸೋ ಲಿಪ್‌ಸ್ಟಿಕ್ ಡಬ್ಬಿಯಲ್ಲಿ 10000 ಎಲ್ಲಿಂದ ಬರ್ತದೆ? ಒಂದು ಬಾಕ್ಸಿನಲ್ಲಿ ಮೂರು ಬಾಕ್ಸ್ ಟೊಮೆಟೊ ತುಂಬಿದೀನಿ ಅಂದರೆ ಮಂಡಿಯವನು ನಂಬ್ತಾನಾ?

ಲಿಥಿಯಂ ಸೆಲ್ಲಿನಲ್ಲಿ ಒಂದು ಕೆಜಿ ತೂಕಕ್ಕೆ ಇಂತಿಷ್ಟೇ ಕರೆಂಟು ಹಿಡಿಸಬಹುದು ಅನ್ನೋ ಮಿತಿ ಇದೆ. ಯಾವ ಕಂಪನಿಯಾದರೂ ಅದನ್ನು ಒಂದೇ ಸಲಕ್ಕೆ ಮೂರು ಪಟ್ಟು ದಾಟೋಕೆ ಆಗಲ್ಲ. ಹಾಗಾಗಿ ತಕ್ಕಡಿ ಇಲ್ಲಿ ಒಳ್ಳೆ ಸಾಕ್ಷಿ. ಅಂಗಡಿಯಲ್ಲಿ ಸಿಗೋ ಸರಿಯಾದ 10000ದ ಪವರ್ ಬ್ಯಾಂಕ್ 200 ಗ್ರಾಂ ಆಸುಪಾಸು ತೂಗ್ತದೆ. 20000ದ್ದು 350 ಗ್ರಾಮಿನಿಂದ ಮೇಲೆ. 5000ದ್ದು 100 ಗ್ರಾಂ. ಬಾಯಲ್ಲೇ ಲೆಕ್ಕ ಹಾಕೋಕೆ ನನ್ನ ದಾರಿ: ಗ್ರಾಂ ತೂಕವನ್ನು 50ರಿಂದ ಗುಣಿಸಿ. ಬಂದ ಸಂಖ್ಯೆಗೂ ಡಬ್ಬಿಯ ಮೇಲಿನ ಸಂಖ್ಯೆಗೂ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಪರವಾಗಿಲ್ಲ. 80 ಗ್ರಾಂ ತೂಗೋ ಡಬ್ಬಿ 20000 ಅಂದರೆ ಅಲ್ಲೇ ಇಟ್ಟು ಬನ್ನಿ. ಪಕ್ಕದ ತರಕಾರಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸಾಕು, “ಅಣ್ಣ, ಒಂದ್ನಿಮಿಷ ತೂಕ ನೋಡ್ಕೊಳ್ತೀನಿ” ಅಂದರೆ ಬೇಡ ಅನ್ನೋರು ಕಡಿಮೆ. ಆನ್‌ಲೈನ್‌ನಲ್ಲಾದರೆ ವಿವರದ ಪಟ್ಟಿಯಲ್ಲಿ ತೂಕ ಬರೆದಿರ್ತಾರೆ, ಡಬ್ಬಿಯ ಮುಖದ ಮೇಲೆ ಹಾಕೋ ಸುಳ್ಳು ಅಲ್ಲಿಗೆ ಎಷ್ಟೋ ಸಲ ತಲುಪಿರೋದಿಲ್ಲ.

ಒಂದು ಎಚ್ಚರಿಕೆ. ತೂಕ ಸರಿ ಇದ್ದ ಮಾತ್ರಕ್ಕೆ ಮಾಲು ಸರಿ ಅಂತ ಅಲ್ಲ. ತೂಕಕ್ಕೆ ಅಂತ ಒಳಗೆ ಮರಳು ತುಂಬಿದ ನಕಲಿಗಳೂ ಸಿಕ್ಕಿಬಿದ್ದಿವೆ. ತಕ್ಕಡಿ ಸುಳ್ಳನ್ನು ಹಿಡಿಯುತ್ತೆ, ಸತ್ಯಕ್ಕೆ ಗ್ಯಾರಂಟಿ ಕೊಡಲ್ಲ. ಸತ್ಯ ಗೊತ್ತಾಗೋದು ಮನೆಗೆ ತಂದ ಮೇಲೆ. ಪವರ್ ಬ್ಯಾಂಕನ್ನು ಪೂರ್ತಿ ಚಾರ್ಜ್ ಮಾಡಿ, ಫೋನ್ 10 ಪರ್ಸೆಂಟಿಗೆ ಇಳಿದಾಗ ಏರೋಪ್ಲೇನ್ ಮೋಡ್‌ಗೆ ಹಾಕಿ ಚುಚ್ಚಿ ಇಡಿ. ಪವರ್ ಬ್ಯಾಂಕ್ ಖಾಲಿ ಆಗಿ ಆರಿದಾಗ ಎಷ್ಟು ಪರ್ಸೆಂಟ್ ಏರಿದೆ ನೋಡಿ. 5000 ಅಂತ ಬರೆದಿದ್ದು ನಿಮ್ಮ 5000ದ ಫೋನಿಗೆ 60–70 ಏರಿಸಿದರೆ ಮರ್ಯಾದಸ್ಥ ಮಾಲು. 25 ಏರಿಸಿ ಸುಸ್ತಾದರೆ ವಾಪಸ್ ಕೊಡೋ ಅವಧಿ ಮುಗಿಯೋದರೊಳಗೆ ವಾಪಸ್ ಕೊಡಿ.

ಇಲ್ಲಿ ಒಂದು ಹಳೇ ವಿಷಯ ನೆನಪಾಗ್ತದೆ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟು ಬಂತು. ಸುಮಾರು 147 ಕಿಲೋಮೀಟರ್ ಲೈನು, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ, ಅಂದರೆ ನಮ್ಮ ನಂತರ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಬೆಂಗಳೂರಿಗಿಂತ ಮೊದಲು ಕರೆಂಟು ಕಂಡ ಈ ನೆಲದಲ್ಲಿ 2020ರ ದಶಕದ ರೈತ ಹುಡುಗ ಫೋನ್ ಚಾರ್ಜಿಗೆ ಕೀ ಬಂಚಿನ ಡಬ್ಬಿ ನಂಬ್ಕೊಂಡಿದ್ದಾನೆ ಅನ್ನೋದು ನನಗೆ ಯಾಕೋ ಸರಿ ಕಾಣಲ್ಲ. ಆಗಿನ ಗಣಿಗಳು ಕರೆಂಟನ್ನು ಅಳತೆ ಮಾಡಿ ದುಡ್ಡು ಕೊಡ್ತಿದ್ದವು. ನಾವು ಬಣ್ಣ ನೋಡಿ ಕೊಡ್ತಿದೀವಿ.

ಬೆನ್ನ ಮೇಲೆ ಸೋಲಾರ್ ಇರೋದು

ರೈತರಿಗೆ ಅಂತಲೇ ತೋರಿಸಿ ಮಾರೋ ಇನ್ನೊಂದು ಮಾಲು ಸೋಲಾರ್ ಪವರ್ ಬ್ಯಾಂಕ್. ಹಿಂಬದಿಯಲ್ಲಿ ಅಂಗೈಯಗಲ ಕರಿ ಫಲಕ. “ಬಿಸಿಲಲ್ಲಿಟ್ಟರೆ ಸಾಕು, ಕರೆಂಟೇ ಬೇಡ.” ಕೇಳೋಕೆ ಚೆನ್ನಾಗಿದೆ. ಆದರೆ ಆ ಫಲಕದ ಅಗಲ 14 ಸೆಂಟಿಮೀಟರ್‌ಗೆ 7 ಸೆಂಟಿಮೀಟರ್ ಅಂತ ಇಟ್ಕೊಂಡರೆ, ನೆತ್ತಿಯ ಮೇಲಿನ ಬಿಸಿಲಿನಲ್ಲೂ ಒಂದೂವರೆ ವ್ಯಾಟ್ ಬಂದರೆ ಹೆಚ್ಚು. ನಮ್ಮ ಕಡೆ ದಿನಕ್ಕೆ ಐದು ಗಂಟೆ ಒಳ್ಳೆ ಬಿಸಿಲು ಅಂತ ಹಿಡಿದರೆ ಏಳೂವರೆ ವ್ಯಾಟ್ ಅವರ್. 10000ದ್ದು ತುಂಬೋಕೆ ಐದಾರು ದಿನ ಬೇಕು, ಅದೂ ಮೋಡ ಬರದೆ ಇದ್ದರೆ, ದಿನಕ್ಕೆ ನಾಲ್ಕು ಸಲ ಯಾರಾದರೂ ಬಿಸಿಲಿನ ಕಡೆ ತಿರುಗಿಸಿ ಇಟ್ಟರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಲಿಥಿಯಂ ಸೆಲ್ಲನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಬಂಡೆ ಮೇಲಿಟ್ಟ ಕರಿ ಡಬ್ಬಿ ಆ ಬಿಸಿ ದಾಟೋಕೆ ಅರ್ಧ ಗಂಟೆ ಬೇಡ. ಬಿಸಿಲಿನಿಂದ ತುಂಬಿಸಿಕೊಳ್ಳೋಕೆ ಹೋಗಿ ಬ್ಯಾಟರಿಯ ಆಯಸ್ಸನ್ನೇ ಸುಡ್ತೀರಿ. ಸೋಲಾರ್ ಬೇಕೇ ಬೇಕು ಅನ್ನೋರು ತೋಟದ ಮನೆ ಮೇಲೆ 20–40 ವ್ಯಾಟಿನ ಬೇರೆ ಫಲಕ ಹಾಕಿ, ಬ್ಯಾಟರಿಯನ್ನು ನೆರಳಲ್ಲಿಡಿ. ಪವರ್ ಬ್ಯಾಂಕಿನ ಬೆನ್ನ ಮೇಲಿನದ್ದು ಅಲಂಕಾರ, ಅಷ್ಟೇ.

ಮನೆಯಲ್ಲೇ ಇದೆ ದೊಡ್ಡ ಬ್ಯಾಟರಿ

ನನಗೆ ಆಶ್ಚರ್ಯ ಆಗೋ ವಿಷಯ ಇದು. ಪುಟಾಣಿ ಪವರ್ ಬ್ಯಾಂಕಿಗೆ ದುಡ್ಡು ಹಾಕೋ ಹುಡುಗನ ಮನೆಯ ಮೂಲೆಯಲ್ಲೇ ಅದರ ಹತ್ತು ಪಟ್ಟು ದೊಡ್ಡ ಬ್ಯಾಟರಿ ಕೂತಿರ್ತದೆ. ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರ್ ನೋಡಿ. ಹೆಚ್ಚಿನವುಗಳಲ್ಲಿ ಇರೋದು 12 ವೋಲ್ಟ್, 8 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿ: 96 ವ್ಯಾಟ್ ಅವರ್. ಅದು ಲೆಡ್ ಆಸಿಡ್ ಜಾತಿಯದ್ದಾದರೆ ಪೂರ್ತಿ ಖಾಲಿ ಮಾಡಬಾರದು, ಅರ್ಧ ಮಾತ್ರ ಬಳಸಿದರೂ 48. ಅಂದರೆ 10000ದ ಪವರ್ ಬ್ಯಾಂಕಿಗಿಂತ ಹೆಚ್ಚು. ಔಷಧಿ ಹೊಡೆಯೋ ಕೆಲಸ ಇಲ್ಲದ ದಿನಗಳಲ್ಲಿ ಅದು ಸುಮ್ಮನೆ ಬಿದ್ದಿರ್ತದೆ. ಹಾಗೆ ಬಿಟ್ಟರೆ ಅದಕ್ಕೂ ಒಳ್ಳೆಯದಲ್ಲ.

ಆದರೆ ಹುಷಾರು. ಸ್ಪ್ರೇಯರ್‌ನ ದುಂಡನೆ ಚಾರ್ಜಿಂಗ್ ಪಿನ್ನಿನಿಂದ ಯಾವುದೋ ವೈರ್ ಎಳೆದು ನೇರ ಫೋನಿಗೆ ಕೊಡಬೇಡಿ. ಅಲ್ಲಿರೋದು 12 ವೋಲ್ಟ್, ಫೋನ್ ಸುಟ್ಟು ಹೋಗ್ತದೆ. ಕೆಲವು ಹೊಸ ಸ್ಪ್ರೇಯರ್‌ಗಳಿಗೆ ಯುಎಸ್‌ಬಿ ತೂತು ಕೊಟ್ಟಿರ್ತಾರೆ, ಅದು ಸರಿ. ಇಲ್ಲದಿದ್ದರೆ ಕಾರಿಗೆ ಹಾಕೋ ಯುಎಸ್‌ಬಿ ಚಾರ್ಜರ್‌ನ ತರದ್ದು, 12ನ್ನು 5ಕ್ಕೆ ಇಳಿಸೋ ಸಾಮಾನು ಬೇಕು, ನಡುವೆ ಒಂದು ಫ್ಯೂಸ್ ಇರಲೇಬೇಕು. ಇದನ್ನು ಊರಿನ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಯೂಟ್ಯೂಬ್ ನೋಡಿ ಬೇಡ. ಇನ್ನೊಂದು, ಕೀಟನಾಶಕದ ಸ್ಪ್ರೇಯರ್ ಮುಟ್ಟಿದ ಕೈಯಲ್ಲೇ ಫೋನ್ ಹಿಡಿದು ಕಿವಿಗೆ, ಬಾಯಿ ಹತ್ತಿರಕ್ಕೆ ತಗೊಳ್ಳೋದು ಒಳ್ಳೆಯದಲ್ಲ. ಸಾಧ್ಯ ಆದರೆ ಅಂಥ ಬ್ಯಾಟರಿಯನ್ನೇ ಬೇರೆ ಒಂದು ತಂದು ತೋಟದ ಮನೆಯಲ್ಲಿ ಇಟ್ಟುಬಿಡಿ. ಒಂದು ಸಣ್ಣ ಎಲ್‌ಇಡಿ ದೀಪವೂ ಉರಿಯುತ್ತೆ, ಫೋನೂ ತುಂಬುತ್ತೆ.

ಬೈಕ್ ಇದ್ದೋರಿಗೆ ಇನ್ನೂ ಸುಲಭ. ಹ್ಯಾಂಡಲ್‌ಗೆ ಹಾಕೋ ಯುಎಸ್‌ಬಿ ಚಾರ್ಜರ್ 5 ವೋಲ್ಟ್ 2 ಆಂಪಿಯರ್ ಆದರೆ 10 ವ್ಯಾಟ್. ಊರಿಂದ ಬಂಗಾರಪೇಟೆಗೆ ಅರ್ಧ ಗಂಟೆ ಓಡಿಸಿದರೆ ಫೋನಿಗೆ ಹೊರಡೋದು 5 ವ್ಯಾಟ್ ಅವರ್. ಕೀ ಬಂಚಿನ ಡಬ್ಬಿ ಇಡೀ ಖಾಲಿಯಾದರೂ ಇಷ್ಟೇ ಕೊಡೋದು. ಎಂಜಿನ್ ಓಡ್ತಿರುವಾಗ ಮಾತ್ರ ಚಾರ್ಜ್ ಮಾಡಿ, ನಿಂತ ಬೈಕಿನಲ್ಲಿ ರಾತ್ರಿಯೆಲ್ಲ ಚುಚ್ಚಿಟ್ಟರೆ ಬೆಳಿಗ್ಗೆ ಕಿಕ್ ಹೊಡೆದು ಕಾಲು ನೋಯುತ್ತೆ. ಟ್ರ್ಯಾಕ್ಟರ್‌ಗೂ ಇದೇ ಮಾತು.

ಹಾಗಾದರೆ ಪುಟಾಣಿ ಡಬ್ಬಿ ಯಾತಕ್ಕೂ ಬೇಡವಾ? ಬೇಕು, ಒಂದು ಕೆಲಸಕ್ಕೆ ಅದು ಬಹಳ ಸೊಗಸು: ಕೀಪ್ಯಾಡ್ ಫೋನಿಗೆ. ಬಟನ್ ಫೋನಿನ ಬ್ಯಾಟರಿ ಸಾಮಾನ್ಯವಾಗಿ 1000 ಎಂಎಎಚ್ ಆಸುಪಾಸು. 1500ರ ಪುಟಾಣಿ ಅದನ್ನು ಪೂರ್ತಿ ಒಂದು ಸಲ ತುಂಬಿಸ್ತದೆ. ಅದು ಸುಮ್ಮನೆ ಕಾದರೆ ಎರಡು ಮೂರು ದಿನ ಬರ್ತದೆ. ರಾತ್ರಿ ಕಾವಲಿಗೆ ಹೋಗೋರು ಸ್ಮಾರ್ಟ್‌ಫೋನ್ ಜೊತೆ ಅಪ್ಪನ ಹಳೇ ಕೀಪ್ಯಾಡ್ ಫೋನಿಗೆ ಎರಡನೇ ಸಿಮ್ ಹಾಕಿ ಜೇಬಿನಲ್ಲಿಡಿ ಅಂತ ನಾನು ಹೇಳೋದು ಇದಕ್ಕೇ. ಬೆಸ್ಕಾಂ 1912ಕ್ಕೆ ಆಗಲಿ, ತುರ್ತಿಗೆ 112ಕ್ಕೆ ಆಗಲಿ, ಮನೆಗೆ ಆಗಲಿ, ಕರೆ ಮಾಡೋಕೆ ಅದೇ ಸಾಕು. ಚಾರ್ಜಿಂಗ್ ಪಿನ್ ಹೊಂದುತ್ತಾ ಅಂತ ಮೊದಲೇ ನೋಡ್ಕೊಳ್ಳಿ, ತುಂಬ ಹಳೇದರಲ್ಲಿ ದುಂಡು ಪಿನ್ ಇರ್ತದೆ.

ಮಾರಿಕುಪ್ಪಂನಿಂದ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರೋರಿಗೂ 5000ದ ಕ್ಯಾಪ್ಸೂಲ್ ಸಾಕಾಗಬಹುದು, ಅವರಿಗೆ ದಾರಿಯಲ್ಲೇ ಆಫೀಸಿನಲ್ಲೇ ಪ್ಲಗ್ ಸಿಗ್ತದೆ. ಹೊಲದಲ್ಲಿ ಪ್ಲಗ್ ಇಲ್ಲ. ಅದೇ ವ್ಯತ್ಯಾಸ.

ಹೊಲದಲ್ಲಿ ಫೋನ್ ಬೇಗ ಸಾಯೋದಕ್ಕೂ ಕಾರಣ ಇದೆ. ಸಿಗ್ನಲ್ ಒಂದು ಕಡ್ಡಿ ಇರೋ ಜಾಗದಲ್ಲಿ ಫೋನ್ ಟವರ್‌ಗೆ ಮುಟ್ಟೋಕೆ ಜೋರಾಗಿ ಕೂಗಬೇಕು, ಅದಕ್ಕೆ ಹೆಚ್ಚು ಕರೆಂಟು ತಿನ್ನುತ್ತೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಸರ್ವೆ ನಂಬರಿನೊಳಗೆ ನಿಂತು ಜಿಪಿಎಸ್ ಹಿಡಿದು ಫೋಟೋ ತೆಗೆಯುವಾಗ ಸ್ಕ್ರೀನು, ಕ್ಯಾಮೆರಾ, ಜಿಪಿಎಸ್ ಮೂರೂ ಒಟ್ಟಿಗೆ ಓಡ್ತವೆ. ಬಿಸಿಲಿಗೆ ಸ್ಕ್ರೀನ್ ಕಾಣಲಿ ಅಂತ ಬೆಳಕನ್ನೂ ಪೂರ್ತಿ ಏರಿಸಿರ್ತೀರಿ. ನಾಲ್ಕು ಸರ್ವೆ ನಂಬರ್ ಮುಗಿಸೋ ಹೊತ್ತಿಗೆ ಫೋನ್ ಅರ್ಧಕ್ಕೆ ಇಳಿದರೆ ಆಶ್ಚರ್ಯ ಇಲ್ಲ. ರಾತ್ರಿ ಕಾವಲಿನಲ್ಲಿ ಫೋನನ್ನೇ ಟಾರ್ಚ್ ಮಾಡ್ಕೊಳ್ಳೋದು, ನಿದ್ದೆ ಬರದಿರಲಿ ಅಂತ ರೀಲ್ಸ್ ನೋಡೋದು, ಇವೆರಡನ್ನು ಬಿಟ್ಟರೆ ಎಷ್ಟೋ ಚಾರ್ಜ್ ಉಳಿಯುತ್ತೆ. ಟಾರ್ಚ್ ಬೇರೆ ಇಟ್ಕೊಳ್ಳಿ. ಆನೆ ಇರೋ ಕಡೆ ಫೋನಿನ ಬೆಳಕು ಹತ್ತು ಅಡಿ ಆಚೆ ಏನೂ ತೋರಿಸಲ್ಲ.

ತೂಕದ ಜಗಳ ಇಲ್ಲಿ ಯಾಕಿಲ್ಲ

ಕೋಲಾರದ ಎಪಿಎಂಸಿಯಲ್ಲಿ ಬಾಕ್ಸಿಗೆ ಅರ್ಧ ಕೆಜಿ ವ್ಯತ್ಯಾಸ ಬಂದರೆ ನಾವು ಜಗಳ ಆಡ್ತೀವಿ. ಹಾಲಿನ ಡೇರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೆ ಸೆಕ್ರೆಟರಿನ ಕೇಳ್ತೀವಿ. ಗೊಬ್ಬರದ ಚೀಲ 50 ಕೆಜಿನಾ 45 ಕೆಜಿನಾ ಅಂತ ಓದ್ತೀವಿ. ಪವರ್ ಬ್ಯಾಂಕಿನಲ್ಲಿ ಮಾತ್ರ ಮೂರು ಪಟ್ಟು ಸುಳ್ಳು ಬರೆದಿದ್ದರೂ “ಚೈನಾ ಮಾಲು, ಇಷ್ಟೇ” ಅಂತ ಸುಮ್ಮನಾಗ್ತೀವಿ. ಈ ಸುಮ್ಮನಾಗೋ ಬುದ್ಧಿಯಿಂದಲೇ ಆ ವ್ಯಾಪಾರ ನಡೀತಿರೋದು.

ಕಾಯ್ದೆ ಇಲ್ಲ ಅಂತಲ್ಲ. ಪವರ್ ಬ್ಯಾಂಕ್‌ಗೆ ಬಿಐಎಸ್ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಬಿಐಎಸ್ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗಿ ಎಂಟು ಅಂಕಿ ಇರೋ ನಂಬರ್ ಇರಬೇಕು. ಬಿಐಎಸ್ ಕೇರ್ ಅನ್ನೋ ಸರ್ಕಾರಿ ಆ್ಯಪ್ ಹಾಕ್ಕೊಂಡು ಆ ನಂಬರ್ ಹೊಡೆದರೆ ಯಾವ ಕಂಪನಿ, ಯಾವ ಸಾಮಾನು ಅಂತ ತೋರಿಸುತ್ತೆ. ಪವರ್ ಬ್ಯಾಂಕ್ ಮೇಲಿನ ನಂಬರ್ ಹೊಡೆದಾಗ ಬೇರೆ ಯಾವುದೋ ಸಾಮಾನು ಬಂದರೆ ಗುರುತೇ ಕದ್ದಿದ್ದು ಅಂತ ತಿಳ್ಕೊಳ್ಳಿ. ಅಂಗಡಿ ಮುಂದೆ ನಿಂತು ಮಾಡೋಕೆ ಎರಡು ನಿಮಿಷದ ಕೆಲಸ.

ಆದರೆ ಆ ನೋಂದಣಿ ಮುಖ್ಯವಾಗಿ ಬೆಂಕಿ ಹತ್ತದಂತೆ, ಶಾಕ್ ಹೊಡೆಯದಂತೆ ನೋಡೋ ಸುರಕ್ಷತೆಯ ವಿಷಯ. ರೈತನಿಗೆ ಬೇಕಾದ ಉತ್ತರ, ಅಂದರೆ ಫೋನ್ ಎಷ್ಟು ತುಂಬುತ್ತೆ ಅನ್ನೋದು, ಅದರಲ್ಲಿ ಇಲ್ಲ. ಮರ್ಯಾದಸ್ಥ ಕಂಪನಿಗಳು ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ರೇಟೆಡ್ ಕೆಪಾಸಿಟಿ ಅಂತ ಇನ್ನೊಂದು ಸಂಖ್ಯೆ ಹಾಕಿರ್ತವೆ. ಮುಂದೆ 10000 ಅಂತ ಇದ್ದರೆ ಹಿಂದೆ 5 ವೋಲ್ಟಿನಲ್ಲಿ 6000 ಚಿಲ್ಲರೆ ಅಂತ ಇರ್ತದೆ. ಅದೇ ನಿಜವಾದ ಸಂಖ್ಯೆ. ನನ್ನ ವಾದ ಇಷ್ಟೇ: ಹಿಂದೆ ಇರೋ ಆ ಸಂಖ್ಯೆ ಮುಂದೆ ಬರಲಿ, ಜೊತೆಗೆ ವ್ಯಾಟ್ ಅವರ್ ಕೂಡ, ಅಷ್ಟೇ ದಪ್ಪಕ್ಷರದಲ್ಲಿ. ಫ್ರಿಜ್ ಮೇಲೆ ನಕ್ಷತ್ರ ಅಂಟಿಸೋಕೆ ಆಗ್ತದೆ, ಬೀಜದ ಪಾಕೀಟಿನ ಮೇಲೆ ಮೊಳಕೆ ಪರ್ಸೆಂಟ್ ಬರೆಸೋಕೆ ಆಗ್ತದೆ. ಇದು ಯಾಕಾಗಲ್ಲ? ಬೀಜದ ಪಾಕೀಟಿನಲ್ಲಿ ಎಷ್ಟು ಕಾಳಿದೆ ಅಂತ ಮಾತ್ರ ಬರೆದು, ಎಷ್ಟು ಮೊಳಕೆ ಬರ್ತವೆ ಅಂತ ಬರೆಯದಿದ್ದರೆ ನಾವು ಒಪ್ಪಲ್ಲ ತಾನೇ?

ಮೋಸ ಆಯ್ತು ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ ಇರಬೇಕು, ಡಬ್ಬಿಯ ಫೋಟೋ ಇರಬೇಕು, ಮೇಲೆ ಹೇಳಿದ ಪರ್ಸೆಂಟ್ ಪರೀಕ್ಷೆಯ ಫೋಟೋ ಎರಡು ಇದ್ದರೆ ಇನ್ನೂ ಒಳ್ಳೆಯದು: ಶುರುವಿನಲ್ಲಿ ಒಂದು, ಪವರ್ ಬ್ಯಾಂಕ್ ಆರಿದಾಗ ಒಂದು. ತಳ್ಳುಗಾಡಿಯವನ ಹತ್ತಿರ ಬಿಲ್ ಸಿಗಲ್ಲ, ಹಾಗಾಗಿ ದೂರೂ ನಿಲ್ಲಲ್ಲ. ಬಿಲ್ ಕೊಡೋ ಅಂಗಡಿಯಲ್ಲಿ ನೂರಿನ್ನೂರು ಹೆಚ್ಚಾದರೂ ಅಲ್ಲೇ ತಗೊಳ್ಳಿ. ತಳ್ಳುಗಾಡಿಯ ಹುಡುಗನ ಮೇಲೆ ಸಿಟ್ಟಾಗಬೇಡಿ, ಡಬ್ಬಿ ಮೇಲೆ 20000 ಅಂತ ಅಚ್ಚು ಹಾಕಿದ್ದು ಅವನಲ್ಲ.

ತಂದ ಮೇಲೆ ಇಡೋ ರೀತಿ. ಟ್ರ್ಯಾಕ್ಟರ್‌ನ ಟೂಲ್ ಬಾಕ್ಸ್, ಬೈಕಿನ ಟ್ಯಾಂಕ್ ಕವರ್, ಪಂಪ್ ಶೆಡ್ಡಿನ ತಗಡಿನ ಕೆಳಗೆ, ಈ ಮೂರು ಕಡೆ ಪವರ್ ಬ್ಯಾಂಕ್ ಬಿಡಬೇಡಿ. ತಿಂಗಳುಗಟ್ಟಲೆ ಬಳಸಲ್ಲ ಅಂದರೆ ಅರ್ಧ ಚಾರ್ಜಿನಲ್ಲಿ ಇಡಿ, ಮೂರು ತಿಂಗಳಿಗೊಮ್ಮೆ ನೋಡಿ. ಮುನ್ನೂರು ನಾನೂರು ಸಲ ತುಂಬಿ ಖಾಲಿ ಆದ ಮೇಲೆ ಎಷ್ಟೇ ಒಳ್ಳೆ ಮಾಲಾದರೂ ಹಿಡಿಯೋದು ಕಡಿಮೆ ಆಗುತ್ತೆ. ಎರಡು ವರ್ಷದ ಹಿಂದೆ ಮಾಡಿದ ಲೆಕ್ಕ ಈಗ ನಡೆಯಲ್ಲ, ಪರ್ಸೆಂಟ್ ಪರೀಕ್ಷೆ ಮತ್ತೆ ಮಾಡಿ.

ಡಬ್ಬಿ ಉಬ್ಬಿದರೆ ಅಲ್ಲಿಗೆ ಮುಗಿಯಿತು. ಒತ್ತಿ ಮುಚ್ಚಬೇಡಿ, ಸೂಜಿಯಿಂದ ಚುಚ್ಚಬೇಡಿ, “ಇನ್ನೊಂದು ಸಲ ನೋಡೋಣ” ಅಂತ ಚಾರ್ಜಿಗೆ ಹಾಕಬೇಡಿ. ಮನೆಯಿಂದ, ಹುಲ್ಲಿನ ಬಣವೆಯಿಂದ ದೂರ ಒಂದು ಮರಳಿನ ಬಕೆಟ್‌ನಲ್ಲೋ ಹಳೇ ಮಣ್ಣಿನ ಕುಂಡದಲ್ಲೋ ಇಡಿ. ತಿಪ್ಪೆಗೆ ಎಸೆದರೆ ಮುಂದೆ ಅದು ಗೊಬ್ಬರದ ಜೊತೆ ನಿಮ್ಮ ಹೊಲಕ್ಕೇ ವಾಪಸ್ ಬರುತ್ತೆ. ಹಳೇ ಬ್ಯಾಟರಿ ವಾಪಸ್ ತಗೊಳ್ಳೋ ಜವಾಬ್ದಾರಿ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ತಯಾರಕರ ಮೇಲಿದೆ. ಹಾಗಾಗಿ ಕೊಂಡ ಕಂಪನಿಯ ಸರ್ವಿಸ್ ಸೆಂಟರ್‌ಗೆ, ಇಲ್ಲದಿದ್ದರೆ ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಮುಂದಿನ ಸಲ ಪೇಟೆಗೆ ಹೋಗುವಾಗ ಬ್ಯಾಗಿನ ತಳಕ್ಕಲ್ಲ, ಕೈಗೆ ಸಿಗೋ ಹಾಗೆ ಮೇಲೆ ಇಟ್ಕೊಂಡು ಹೋಗಿ.